ಕರಿಮಡ್ಡಿಗೆ ಬಂದ ಸ್ವಾಗತಪತ್ರ

ಕೃಷ್ಣಾತೀರ ಕಾನೂನು ಕಾಲೇಜು, ಚಿಕ್ಕೋಡಿ
18 ಜುಲೈ 2024

ತಂಗಿ ಉಜ್ವಲಾ,

ರವಿವಾರದ ಸಭೆಗೆ ನಲವತ್ತಾರು ಮಂದಿ ಬಂದಿದ್ದಿರಿ. ಸೇರಬಯಸುವವರನ್ನು ಮೊದಲೇ ಕರೆದು, ಕಟ್ಟಡ ತೋರಿಸಿ, ಉಪ್ಪಿಟ್ಟು ಕೊಟ್ಟು, ‘ನಮ್ಮ ಕಾನೂನು ಕುಟುಂಬಕ್ಕೆ ಸ್ವಾಗತ’ ಎನ್ನುವುದು ನಮ್ಮ ಪ್ರಾಚಾರ್ಯರು ಈಚೆಗೆ ಹಚ್ಚಿದ ಪದ್ಧತಿ. ಉಪ್ಪಿಟ್ಟು ತಿಂದವರೆಲ್ಲ ವಕೀಲರಾಗುವುದಿಲ್ಲ ಎಂದು ನಾನು ಅವರಿಗೆ ಹೇಳಿದ್ದೇನೆ. ಅವರು ನಕ್ಕು ಮುಂದಿನ ವರ್ಷ ಶಿರಾ ಕೂಡ ಮಾಡಿಸೋಣ ಅಂದರು.

ನನ್ನ ಪದ್ಧತಿ ಬೇರೆ. ಸಭೆಗೆ ಬಂದ ಪ್ರತಿಯೊಬ್ಬರಿಗೂ ಕೈಯಾರೆ ಪತ್ರ ಬರೆಯುತ್ತೇನೆ, ಉತ್ತರ ಬರೆದವರನ್ನು ನೆನಪಿಟ್ಟುಕೊಳ್ಳುತ್ತೇನೆ. ಫೋನ್ ನಂಬರು ಯಾರಿಗೂ ಕೊಡುವುದಿಲ್ಲ. ವಕೀಲಿಗೆ ಬರುವವರು ಮೊದಲು ಒಂದು ಪತ್ರ ನೆಟ್ಟಗೆ ಬರೆಯಲಿ ಎನ್ನುವುದು ನನ್ನ ಹಟ.

ನಿಮ್ಮ ನೆನಪಂತೂ ಇದೆ. ಎಲ್ಲರೂ ಬಸ್ ಪಾಸು, ಹಾಸ್ಟೆಲು ಕೇಳುತ್ತಿದ್ದಾಗ ನೀವು ಹಿಂದಿನ ಸಾಲಿನಿಂದ ಎದ್ದು, “ಓದದ ಸಹಿ ಮಾಡಿದ್ರ ಕಾನೂನು ಏನಂತೈತ್ರಿ ಸರ?” ಅಂದಿರಿ. ಹುಡುಗರು ನಕ್ಕರು. ನಾನು ಏನೋ ಗಡಿಬಿಡಿಯಲ್ಲಿ ಹೇಳಿ ಮುಗಿಸಿದೆ. ಆ ಉತ್ತರ ನನಗೇ ಸರಿಬಂದಿಲ್ಲ. ಯಾಕೆ ಕೇಳಿದಿರಿ, ಬರೆಯಿರಿ.

ಅರ್ಜಿ ತುಂಬುವಾಗ ಅಂಕಪಟ್ಟಿಯಲ್ಲಿ ಏನಿದೆಯೋ ಅದನ್ನೇ ಬರೆಯಬೇಕು ಎಂದು ಸಭೆಯಲ್ಲಿ ಹತ್ತು ಸಲ ಕೂಗಿದ್ದೇನೆ. ಮತ್ತೊಮ್ಮೆ ಕೂಗಿದೆ ಎಂದು ತಿಳಿಯಿರಿ.

ಬಾಗಿಲು ತೆರೆದೇ ಇಟ್ಟಿರುವ,
ಜಯಪಾಲ
(ಕರಾರು ಕಾನೂನು ಕಲಿಸುವ ಮುದುಕ, ಮುಂದಿನ ಮೇ ತಿಂಗಳಿಗೆ ನಿವೃತ್ತಿ)

*

ಕರಿಮಡ್ಡಿ, ಯಡೂರಿನ ಹತ್ತಿರ
28 ಜುಲೈ 2024

ಗುರುಗಳಿಗೆ ನಮಸ್ಕಾರ.

ಪತ್ರ ಬರೆಯದೆ ಹನ್ನೊಂದು ವರ್ಷವಾಗಿತ್ತು. ಮೊದಲ ಎರಡು ಹಾಳೆ ಹರಿದು ಒಲೆಗೆ ಹಾಕಿದೆ, ಇದು ಮೂರನೆಯದು.

ಮೂರು ವರ್ಷದ ಹಿಂದೆ ನನ್ನ ಅಪ್ಪ ವಿರುಪಾಕ್ಷಪ್ಪ ತೀರಿಕೊಂಡರು. ದಿನಕರ್ಮ ಮುಗಿದ ವಾರಕ್ಕೆ ಅಣ್ಣ ಶಿವರಾಜ ನನ್ನನ್ನು ತವರೂರು ಐಗಳಿಯಿಂದ ಅಥಣಿಗೆ ಕಾರಿನಲ್ಲಿ ಕರೆದುಕೊಂಡು ಹೋದ. “ಒಂದ ಸಹಿ ಐತಿ ತಂಗಿ, ಐದ ಮಿನೀಟಿನ ಕೆಲಸ” ಅಂದ. ಐದೇ ಮಿನಿಟು ಆಯಿತು. ಆಮೇಲೆ ಅರಿವೆ ಅಂಗಡಿಗೆ ಹೋಗಿ ಒಂದು ಇಳಕಲ್ ಸೀರೆ ಕೊಡಿಸಿದ. ಅಪ್ಪನ ದ್ರಾಕ್ಷಿ ತೋಟದಲ್ಲಿ ನನ್ನ ಪಾಲನ್ನು ಬಿಟ್ಟುಕೊಟ್ಟಿದ್ದೇನೆ ಎಂದು ನನಗೆ ಗೊತ್ತಾದದ್ದು ಆರು ತಿಂಗಳ ಮೇಲೆ, ಅದೂ ಬೇರೆಯವರ ಬಾಯಿಂದ. ಅಣ್ಣನ ಮೇಲೆ ಕೇಸು ಹಾಕುವ ಮನಸ್ಸಿಲ್ಲ, ಕೇಳಿದ್ದರೆ ಕೊಡುತ್ತಿದ್ದೆನೇನೋ. ನನಗೆ ಸಿಟ್ಟು ನನ್ನ ಮೇಲೆ. ಬಿ.ಎ. ಪಾಸಾದವಳು, ಸೀರೆಯ ಸೆರಗು ನಾಲ್ಕು ಸಲ ಬಿಡಿಸಿ ನೋಡಿದೆ, ಕಾಗದವನ್ನು ಒಂದು ಸಲ ನೋಡಲಿಲ್ಲ. ಇನ್ನು ಮೇಲೆ ನಾನಾಗಲಿ, ಈ ಓಣಿಯ ಇನ್ನೊಬ್ಬಳಾಗಲಿ ಹಾಗೆ ಸಹಿ ಹಾಕಬಾರದು. ಅದಕ್ಕೆ ಬರುತ್ತೇನೆ.

ಮನೆಯಲ್ಲಿ ಬೇಡ ಅಂದವರಿಲ್ಲ. ಗಂಡ ಮಹಾದೇವ, “ಹೋಗಂತ ಹೇಳೂದು ಸಸಾರ, ಎಮ್ಮಿ ಹಿಂಡೂರ ಯಾರು?” ಅಂದರು. ಅದಕ್ಕೆ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಈ ವರ್ಷ ತಾನು ನೋಡಿಕೊಳ್ಳುತ್ತೇನೆ ಅಂದಳು. ಮುಂದಿನ ವರ್ಷದ ದೀಪಾವಳಿಯ ಹೊತ್ತಿಗೆ ಅವರು ಬೇರೆಯಾಗಿ ರಾಯಬಾಗಕ್ಕೆ ಹೋಗುವವರು. ಬೆಳಗಿನ ಬಸ್ಸು ಈ ಯುಗಾದಿಯಿಂದ ಶುರುವಾಗಿದೆ. ಮಾವ ಅಣ್ಣಾಸಾಬ ಅವರು ತಲೆ ಆಡಿಸಿದ್ದಾರೆ. ಎಲ್ಲ ಕೂಡಿ ಬಂದಿರುವುದು ಈ ಒಂದು ವರ್ಷ, ಸರ್. ಒಮ್ಮೆ ಸೇರಿಬಿಟ್ಟರೆ ಮಧ್ಯದಲ್ಲಿ ಬಿಡಿಸುವ ಜನವಲ್ಲ ಇವರು.

ಅತ್ತೆ ಸತ್ತೆವ್ವ ಮಾತ್ರ ಕಾಡಿಸುತ್ತಾರೆ. “ಸೊಸಿ ವಕೀಲ ಆದ್ರ ಊರ ಜಗಳೆಲ್ಲಾ ನಮ್ಮ ಕಟ್ಟಿಗೆ ಬರ್ತಾವ. ಚಾ ಕಾಸಿ ಕಾಸಿ ನಾ ಸಾಯ್ಬೇಕ” ಎಂದು ಓಣಿಯೆಲ್ಲ ಹೇಳಿಕೊಂಡು ಬಂದಿದ್ದಾರೆ. ಹೆಮ್ಮೆ ಅವರಿಗೆ.

ಅರ್ಜಿ ಕಳಿಸಿದ್ದೇನೆ. ನೀವು ಕೂಗಿದ ಹಾಗೆಯೇ, ಅಂಕಪಟ್ಟಿ ಮುಂದಿಟ್ಟುಕೊಂಡು ತುಂಬಿದ್ದೇನೆ.

ನಿಮ್ಮ ಕಾಲೇಜಿನ ಆಗಲಿರುವ ವಿದ್ಯಾರ್ಥಿನಿ,
ಉಜ್ವಲಾ

*

ಚಿಕ್ಕೋಡಿ
6 ಆಗಸ್ಟ್ 2024

ತಂಗಿ ಉಜ್ವಲಾ,

ನಿಮ್ಮ ಪತ್ರ ಎರಡು ಸಲ ಓದಿದೆ. ನಲವತ್ತಾರರಲ್ಲಿ ಉತ್ತರ ಬರೆದವರು ಮೂವರು. ಒಬ್ಬನು ನನ್ನ ಪತ್ರದ ಫೋಟೊ ತೆಗೆದು ಪ್ರಾಚಾರ್ಯರಿಗೆ ಕಳಿಸಿ ‘ಇದು ನಿಜವೇ’ ಎಂದು ಕೇಳಿದ್ದಾನೆ. ಇರಲಿ.

ಆಯ್ಕೆಯಾದವರಿಗೆ ಹನ್ನೆರಡನೇ ತಾರೀಖಿನಿಂದ ರಿಜಿಸ್ಟರ್ ಪತ್ರ ಹೋಗುತ್ತದೆ. ಅದನ್ನು ತೆಗೆದುಕೊಂಡು, ಮೂಲ ಕಾಗದಗಳ ಸಮೇತ ಆಗಸ್ಟ್ 31ರೊಳಗೆ ಬರಬೇಕು. ಬರದಿದ್ದರೆ ಆ ಜಾಗ ಕಾಯುತ್ತಿರುವವರ ಪಟ್ಟಿಗೆ ಹೋಗುತ್ತದೆ. ಸೆಪ್ಟೆಂಬರ್ 2ಕ್ಕೆ ಸ್ವಾಗತ ಸಮಾರಂಭ. ನಾನು 20ರಿಂದ ಹುಬ್ಬಳ್ಳಿಯಲ್ಲಿ ಪರೀಕ್ಷೆಯ ಪೇಪರು ನೋಡುವ ಕೆಲಸದ ಮೇಲೆ ಇರುತ್ತೇನೆ, ಸಮಾರಂಭದ ದಿನ ಬೆಳಿಗ್ಗೆ ಬಂದು ಮುಟ್ಟುತ್ತೇನೆ. ಗೇಟಿನ ಹತ್ತಿರ ನಿಂತು ನಿಮ್ಮ ದಾರಿ ನೋಡುತ್ತೇನೆ.

ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಹಾ.

ಜಯಪಾಲ

*

ಕರಿಮಡ್ಡಿ
24 ಆಗಸ್ಟ್ 2024

ಗುರುಗಳಿಗೆ ನಮಸ್ಕಾರ.

ರಿಜಿಸ್ಟರ್ ಪತ್ರ ಇನ್ನೂ ಬಂದಿಲ್ಲ. ಇವತ್ತು ಇಪ್ಪತ್ತನಾಲ್ಕು. ನನ್ನ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಷ್ಟಾದರೂ ತಿಳಿಸುತ್ತೀರಾ? ಹುಬ್ಬಳ್ಳಿಯ ವಿಳಾಸ ಗೊತ್ತಿಲ್ಲ, ಕಾಲೇಜಿನ ಫೋನು ಹತ್ತಲೊಲ್ಲದು, ಅದಕ್ಕೆ ಕಾಲೇಜಿಗೇ ಬರೆಯುತ್ತಿದ್ದೇನೆ. ಹೊಳೆ ಬಂದು ಬಸ್ಸು ಹತ್ತು ದಿನ ನಿಂತಿತ್ತು, ಈಗ ಮತ್ತೆ ಓಡುತ್ತಿದೆ. ನಾನೇ ಒಮ್ಮೆ ಬಂದು ಕೇಳಲೇ ಎಂದು ಮನೆಯಲ್ಲಿ ಕೇಳಿದೆ. “ಕರದ್ರ ಹೋಗೂದು. ಕರೀದ ಹೋಗಿ ಬಾಗ್ಲಾಗ ನಿಂದ್ರೂದು ಚೊಲೊ ಅಲ್ಲ” ಅಂದರು ಇವರು. ಮದುವೆಗೂ ಅಷ್ಟೇ, ಸತ್ತವರ ಮಣ್ಣಿಗೆ ಮಾತ್ರ ಕರೆಯದೆ ಹೋಗುವುದು ನಮ್ಮಲ್ಲಿ. ಕಾಲೇಜು ಯಾವ ಲೆಕ್ಕವೋ ತಿಳಿಯಲಿಲ್ಲ, ಹೋಗುವುದನ್ನು ಬಿಟ್ಟೆ.

ಗಂಡನ ಫೋನಿಗೆ ಇಂಗ್ಲಿಷಿನ ಮೆಸೇಜು ನಾಲ್ಕೈದು ಬಂದಿದ್ದವಂತೆ. ಲೋನಿನವರ ಕಾಟ ಎಂದು ಎಲ್ಲ ಅಳಿಸಿದ್ದಾರೆ.

ಒಂದು ತಮಾಷೆ ಹೇಳುತ್ತೇನೆ, ಪೇಪರು ನೋಡಿ ನೋಡಿ ಬೇಸತ್ತಿರುತ್ತೀರಿ. ನಮ್ಮ ಕಡೆಗೆ ಮಲ್ಲೇಶ ಎಂದು ಹೊಸ ಪೋಸ್ಟ್‌ಮನ್ ಬಂದಿದ್ದಾನೆ. ಹೋದ ವಾರ ನಾನು ಹೊಲಕ್ಕೆ ಬುತ್ತಿ ಒಯ್ದಾಗ ಬಂದು ಹೋದನಂತೆ. ನಾನು ಬಂದ ಕೂಡಲೇ ಅತ್ತೆಗೆ ನಗು ತಡೆಯಲೊಲ್ಲದು.

“ನಮ್ಮ ಅತ್ತೀ ಹೆಸರಿಗೆ ಕೋರ್ಟಿನ ಕಾಗದ ಬಂದಿತ್ತ ನೋಡಬೇ! ಆಕಿ ಸತ್ತ ಹದಿನೆಂಟ ವರ್ಷ ಆತೋ ತಮ್ಮಾ ಅಂದ್ನಿ. ಪಾಪ, ಹಂಗ ಬರ್ಕೊಂಡ ಹೊಳ್ಳಿ ಹ್ವಾದ. ಏನ ಕಳವು ಮಾಡಿ ಹೋಗ್ಯಾಳೋ ಮುದುಕಿ!”

ಮಾವನವರು, “ನಮ್ಮವ್ವನ ಕೋರ್ಟಿಗೆ ಕರ್ಯಾಕ ಯಾವ ಜಜ್ಜಿಗೆ ಧೈರ್ಯ ಐತಿ?” ಅಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು, ಎಲ್ಲರಿಗಿಂತ ಜೋರಾಗಿ ನಾನು. ಸತ್ತವರಿಗೆ ಟಪಾಲು ಬರುತ್ತದೆ, ನನಗೆ ಬರುವುದಿಲ್ಲ ನೋಡಿರಿ.

ಬೇಗ ತಿಳಿಸಿರಿ. ಮುಂದಿನ ವರ್ಷ ಎನ್ನುವುದು ನನ್ನ ಹತ್ತಿರ ಇಲ್ಲ.

ದಾರಿ ನೋಡುತ್ತಿರುವ,
ಉಜ್ವಲಾ

*

ಚಿಕ್ಕೋಡಿ
5 ಸೆಪ್ಟೆಂಬರ್ 2024

ಉಜ್ವಲಾ,

ನಿಮ್ಮ ಪತ್ರ ನನ್ನ ಮೇಜಿನ ಮೇಲೆ ಆರು ದಿನ ಬಿದ್ದಿತ್ತು. ಯಾರೂ ಒಡೆಯಲಿಲ್ಲ, ನನ್ನ ಪತ್ರ ಒಡೆದರೆ ನಾನು ಕೂಗಾಡುತ್ತೇನೆಂದು ಎಲ್ಲರಿಗೂ ಗೊತ್ತು. ನಾನು ಅದನ್ನು ಓದಿದ್ದು ಎರಡನೇ ತಾರೀಖು ಸಂಜೆ. ಫೋನ್ ನಂಬರು ಕೊಡದ ನನ್ನ ಹಾಳು ಹಟಕ್ಕೆ ಏನೆನ್ನಲಿ?

ಆಫೀಸಿನ ನೀಲಮ ಎಲ್ಲ ಅರ್ಜಿ ಹುಡುಕಿದಳು. ಉಜ್ವಲಾ ಎನ್ನುವವರ ಅರ್ಜಿಯೇ ಇಲ್ಲ ಎನ್ನುತ್ತಾಳೆ. ಅರ್ಜಿ ಎಲ್ಲಿ ಹಾಕಿದಿರಿ? ರಸೀದಿ ಇದೆಯೇ? ಇದ್ದರೆ ತೆಗೆದುಕೊಂಡು ಕೂಡಲೇ ಬನ್ನಿ. ಕೆಳಗೆ ನನ್ನ ನಂಬರು ಬರೆದಿದ್ದೇನೆ.

ಸಮಾರಂಭದ ದಿನ ನಿಮ್ಮ ಮೇಲೆ ನನಗೆ ಸಿಟ್ಟು ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅವತ್ತು ಶುರುವಾದದ್ದೇ ಅಶುಭದಿಂದ. ಆಯ್ಕೆಯಾಗಿದ್ದ ಒಬ್ಬ ಹೆಣ್ಣುಮಗಳು ತೀರಿಕೊಂಡಿದ್ದಳಂತೆ, ಅವಳಿಗೆ ಕಳಿಸಿದ ಸ್ವಾಗತಪತ್ರ ‘ಮೃತಪಟ್ಟಿದ್ದಾರೆ’ ಎಂದು ಬರೆದು ಮರಳಿ ಬಂತು. ಪ್ರಾಚಾರ್ಯರು ವೇದಿಕೆಯ ಮೇಲೆ ಅಕ್ಕುತಾಯಿ ಎಂದು ಅವಳ ಹೆಸರು ಹೇಳಿ, “ನಮ್ಮ ಕುಟುಂಬಕ್ಕೆ ಬರುವ ಮೊದಲೇ ನಮ್ಮನ್ನು ಅಗಲಿದವರಿಗೆ” ಎಂದು ಎರಡು ನಿಮಿಷ ಮೌನ ಮಾಡಿಸಿದರು. ನಾನೂ ಕಣ್ಣು ಮುಚ್ಚಿ ನಿಂತಿದ್ದೆ. ನಿಜ ಹೇಳುತ್ತೇನೆ, ಪೂರ್ತಿ ಮುಚ್ಚಿರಲಿಲ್ಲ. ನೀವು ಬಂದಿರೇನೋ ಎಂದು ಗೇಟಿನ ಕಡೆ ನೋಡುತ್ತಿದ್ದೆ.

ಉತ್ತರ ಕೂಡಲೇ ಬರೆಯಿರಿ. ಫೋನಾದರೂ ಮಾಡಿರಿ.

ಜಯಪಾಲ

*

ಕರಿಮಡ್ಡಿ
10 ಸೆಪ್ಟೆಂಬರ್ 2024

ಸರ್,

ಫೋನಿನಲ್ಲಿ ಅಳು ಬಂದು ಮಾತಾಡಲಾಗಲಿಲ್ಲ. ಇಟ್ಟುಬಿಟ್ಟೆ, ತಪ್ಪು ತಿಳಿಯಬೇಡಿ. ಬರೆದರೆ ಹೇಳಿಯೇನು.

ಅಕ್ಕುತಾಯಿ ನಾನೇ.

ಹುಟ್ಟಿದಾಗ ಇಟ್ಟ ಹೆಸರು ಅದು, ಅಂಕಪಟ್ಟಿಗಳ ಮೇಲೆಲ್ಲ ಇರುವುದೂ ಅದೇ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುತ್ತಾರೆ, ಅಕ್ಕಿ ತುಂಬಿದ ತಾಟಿನಲ್ಲಿ ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಕೆಲವರು ಬದಲಿಸದೆಯೂ ಬಿಡುತ್ತಾರೆ. ಆದರೆ ನಮ್ಮ ಮಾವನ ತಾಯಿಯ ಹೆಸರೂ ಅಕ್ಕುತಾಯಿಯೇ ಆಗಿತ್ತು. ಹಿರಿಯಳ ಹೆಸರು ಹಿಡಿದು ಸೊಸೆಯನ್ನು ಕರೆಯುವುದು ಹೇಗೆ, ಬೈಯುವುದು ಹೇಗೆ? ಅದಕ್ಕೆ ಉಜ್ವಲಾ ಮಾಡಿದರು. ಹನ್ನೊಂದು ವರ್ಷದಲ್ಲಿ ಆ ಹಳೆಯ ಹೆಸರನ್ನು ಯಾರಾದರೂ ಕರೆದದ್ದು ಒಂದೇ ಕಡೆ, ಅಥಣಿಯಲ್ಲಿ, ಸಹಿ ಹಾಕುವಾಗ.

ಲಕೋಟೆಯ ಮೇಲೆ ‘ಅಕ್ಕುತಾಯಿ, ಅಣ್ಣಾಸಾಬ ಅವರ ಮನೆ’ ಎಂದಿತ್ತಂತೆ. ಮಲ್ಲೇಶನನ್ನು ಕೇಳಿದೆ. ಕಾನೂನು ಎಂದು ಛಾಪಿಸಿದ್ದು ನೋಡಿ, “ಕೋರ್ಟಿನದ ಇರಬೇಕ್ರಿ” ಎಂದು ಅವನೇ ಅತ್ತೆಗೆ ಹೇಳಿದ. ಅಣ್ಣಾಸಾಬರ ಮನೆಯ ಅಕ್ಕುತಾಯಿ ಎಂದರೆ ಅತ್ತೆಗೆ ಹೊಳೆದದ್ದು ಒಬ್ಬಳೇ. ನನಗೆ ಹೇಳುವಾಗ ಆ ಹೆಸರು ಅವರ ಬಾಯಿಂದ ಬರಲಿಲ್ಲ. ತನ್ನ ಅತ್ತೆಯ ಹೆಸರನ್ನು ಅವರು ಇವತ್ತಿನವರೆಗೂ ಬಾಯಲ್ಲಿ ಆಡಿದವರಲ್ಲ. ಆಡಿದ್ದರೆ ನನಗೆ ಅವತ್ತೇ ತಿಳಿಯುತ್ತಿತ್ತು. ಅವರು ‘ನಮ್ಮ ಅತ್ತಿ’ ಅಂದರು, ನಾನು ನಕ್ಕೆ.

ನಿಮ್ಮ ಪತ್ರವನ್ನು ಮನೆಯಲ್ಲಿ ಓದಿ ಹೇಳಿದೆ. ಅತ್ತೆ ಮೊದಲು ತಿಳಿಯದೆ ಎರಡು ಸಲ ಓದಿಸಿದರು. ತಿಳಿದ ಮೇಲೆ ಹಣೆ ಹಣೆ ಬಡಿದುಕೊಂಡರು. “ನನ್ನ ಬಾಯಿಗೆ ಬೆಂಕಿ ಬೀಳ್ಲಿ! ಬದುಕಿದ್ದ ಕೂಸನ್ನ ಬಾಗ್ಲಾಗ ನಿಂತ ಕೊಂದ್ನೆಲ್ಲೊ ದೇವರಾ!” ಎಂದು ಅತ್ತದ್ದು ನೋಡಲಾಗಲಿಲ್ಲ. ಸಮಾಧಾನ ಮಾಡಿದವಳು ನಾನು. ನನ್ನನ್ನು ಸಮಾಧಾನ ಮಾಡಲು ಯಾರಿಗೂ ನೆನಪಾಗಲಿಲ್ಲ ಸರ್, ಇದನ್ನು ನಿಮಗೆ ಮಾತ್ರ ಬರೆಯುತ್ತೇನೆ.

ಮಂಗಳವಾರ ಹದಿನೇಳಕ್ಕೆ ಬರುತ್ತೇನೆ. ಅತ್ತೆಯೂ ಬರುತ್ತಾರಂತೆ, ಸಾಕ್ಷಿ ಹೇಳಲು.

ಜೀವಂತ ಇರುವ,
ಉಜ್ವಲಾ

*

ಚಿಕ್ಕೋಡಿ
21 ಸೆಪ್ಟೆಂಬರ್ 2024

ತಂಗಿ,

ಮಂಗಳವಾರ ನಿಮ್ಮ ಮುಖ ನೋಡಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ನಿಮ್ಮ ಪ್ರವೇಶ ಆಗಲಿಲ್ಲ.

ನೀವು ಕಾಗದಗಳ ಝೆರಾಕ್ಸ್ ತರಲು ಹೊರಗೆ ಹೋದಾಗ ಏನಾಯಿತೆಂದು ನಿಮಗೆ ಗೊತ್ತಿಲ್ಲ. ನೀಲಮ, “ಅಕ್ಕುತಾಯಿ ಅಂದ್ರ ಈಕೀನ ಅಂತ ನೀವು ಬಾಯಿಬಿಟ್ಟ ಹೇಳ್ಬೇಕಾಗ್ತೈತ್ರಿ ಅಮ್ಮಾ” ಅಂದಳು. ನಿಮ್ಮ ಅತ್ತೆ ಬಾಯಿ ತೆರೆದರು, ಮುಚ್ಚಿದರು. ಸೆರಗು ಬಾಯಿಗೆ ಒತ್ತಿಕೊಂಡರು. ಕೊನೆಗೆ ಅಂದರು: “ಆ ಹೆಸರ ನನ್ನ ಬಾಯಾಗ ಬರಂಗಿಲ್ಲವಾ. ಒಂದ ಕೆಲಸ ಮಾಡ. ಸತ್ತಾಕಿ ನಾನ ಅಂತ ಬರ್ಕೊ. ಸತ್ತೆವ್ವ ಸತ್ತಾಳಂತ ಬರ್ಕೊಂಡ, ನನ್ನ ಸೊಸೀನ್ನ ಒಳಗ ತಗೊ.” ನೀಲಮ ಎದ್ದು ಹೊರಗೆ ಹೋದಳು. ಅವಳು ನನ್ನ ಹತ್ತಿರ ಅತ್ತಳು. ಲಕೋಟೆ ಮರಳಿ ಬಂದಾಗ ಫೋನ್ ಮಾಡಬೇಕೆಂದು ಅವಳಿಗೆ ಅನ್ನಿಸಿತ್ತಂತೆ. ಸತ್ತವರ ಮನೆಗೆ ಫೋನ್ ಮಾಡಿ ಕಾಲೇಜಿಗೆ ಯಾಕೆ ಬರಲಿಲ್ಲ ಎಂದು ಕೇಳುವುದು ಹೇಗೆ ಎಂದು ಬಿಟ್ಟಳಂತೆ. ನಾನಾದರೂ ಬಿಡುತ್ತಿದ್ದೆ.

ಪ್ರಾಚಾರ್ಯರ ಮುಂದೆ ಒಂದು ತಾಸು ಕೂತೆ. ಒಂದು ಜಾಗ ಹೆಚ್ಚಿಗೆ ಕೊಡಿ ಎಂದು ವಿಶ್ವವಿದ್ಯಾಲಯಕ್ಕೆ ಬರೆಸಿದೆ, ಖುದ್ದು ಹೋಗಿಯೂ ಬಂದೆ. ಪ್ರವೇಶ ಮುಗಿದಿದೆ, ಕಂಪ್ಯೂಟರು ಇನ್ನು ಹೆಸರು ತೆಗೆದುಕೊಳ್ಳುವುದಿಲ್ಲ ಎಂದರು. ತಪ್ಪು ಯಾರದೂ ಅಲ್ಲ ಎಂದೂ ಅಂದರು. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ತಪ್ಪು ಯಾರದಾದರೂ ಇದ್ದಿದ್ದರೆ ಅವನ ಕುತ್ತಿಗೆ ಹಿಡಿಯಬಹುದಿತ್ತು. ಮೂವತ್ತು ವರ್ಷ ಕಾನೂನು ಕಲಿಸಿದವನಿಗೆ ಒಂದು ಅರ್ಜಿಯನ್ನು ಬದುಕಿಸಲು ಬರಲಿಲ್ಲ.

ನಿಮ್ಮ ಜಾಗಕ್ಕೆ ಬಂದವಳು ಸೌಂದರ್ಯಾ ಎಂಬ ಹುಡುಗಿ. ಮೊದಲ ಬೆಂಚಿನಲ್ಲಿ ಕೂರುತ್ತಾಳೆ, ಚೆನ್ನಾಗಿ ಓದುತ್ತಾಳೆ. ಅವಳ ಮೇಲೆ ಸಿಟ್ಟು ಮಾಡಲು ಪ್ರಯತ್ನಿಸಿದೆ, ಅದೂ ಆಗಲಿಲ್ಲ.

ಮುಂದಿನ ವರ್ಷ ಬನ್ನಿ, ತಂಗಿ. ಹನ್ನೆರಡು ತಿಂಗಳು, ಅಷ್ಟೇ.

ಸೋತ,
ಜಯಪಾಲ

*

ಕರಿಮಡ್ಡಿ
14 ಅಕ್ಟೋಬರ್ 2024

ಸರ್,

ಮುಂದಿನ ವರ್ಷ ಎಂದು ನೀವು ಬರೆದಿರಿ. ಇವರೂ ಅಂದರು, ಅಣ್ಣ ಶಿವರಾಜನೂ ಫೋನಿನಲ್ಲಿ ಅಂದ. ನಿಮಗೆಲ್ಲ ಮುಂದಿನ ವರ್ಷ ಎಂದರೆ ಗೋಡೆಯ ಮೇಲಿನ ಹೊಸ ಕ್ಯಾಲೆಂಡರು. ನನಗೆ ಅದು ಆರು ಜನರ ಅಡಿಗೆ, ನಾಲ್ಕು ಎಮ್ಮೆ, ಬೇರೆಯಾಗಿ ಹೋಗುವ ನೆಗೆಣ್ಣಿ, ಐದನೇ ಇಯತ್ತೆಗೆ ಹೋಗುವ ಮಗಳು. ಇವೆಲ್ಲವನ್ನೂ ಒಂದು ಕಡೆ ಕೂಡಿಸಲು ನನಗೆ ಮೂರು ವರ್ಷ ಹಿಡಿದಿತ್ತು. ನಿಮ್ಮ ಮೇಲೆ ಸಿಟ್ಟು ಬಂದಿದೆ ಸರ್. ಫೋನ್ ನಂಬರು ಒಂದು ಕೊಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಬರೆದು ಮುಗಿಸಿದ ಮೇಲೆ ಈ ಸಾಲು ಹೊಡೆದು ಹಾಕಬೇಕೆಂದಿದ್ದೆ, ಹಾಕುವುದಿಲ್ಲ.

ಅತ್ತೆ ಈಗ ನಸುಕಿನಲ್ಲಿ ಎದ್ದು ಎಮ್ಮೆ ಹಿಂಡಲು ಕೂರುತ್ತಾರೆ. ಅರವತ್ತೆಂಟು ವರ್ಷ, ಮೊಣಕಾಲು ಮಡಚಲು ಬರುವುದಿಲ್ಲ. ಬೇಡ ಅಂದರೆ ಕೇಳುವುದಿಲ್ಲ. “ಈಗಿಂದ ರೂಢಿ ಮಾಡ್ಕೋತೀನಿ. ಬರೂ ವರ್ಷ ನೀ ಹ್ವಾದಾಗ ಎಮ್ಮಿ ನನ್ನ ಕೈ ಮರೀಬಾರ್ದು” ಎನ್ನುತ್ತಾರೆ.

ಸದ್ಯಕ್ಕೆ ಬರೆಯುವುದು ಇಷ್ಟೇ.

ಉಜ್ವಲಾ

*

ಚಿಕ್ಕೋಡಿ
11 ಮಾರ್ಚ್ 2025

ತಂಗಿ ಉಜ್ವಲಾ,

ಐದು ತಿಂಗಳು ಬರೆಯಲಿಲ್ಲ. ಏನು ಬರೆಯಬೇಕಿತ್ತು? ನೀವು ಬೈದದ್ದು ಸರಿಯಾಗಿಯೇ ಇತ್ತು.

ಇದರ ಜೊತೆ ಒಂದು ಪ್ರಮಾಣಪತ್ರದ ಕರಡು ಇಟ್ಟಿದ್ದೇನೆ. ಅಕ್ಕುತಾಯಿ ಮತ್ತು ಉಜ್ವಲಾ ಒಬ್ಬರೇ ಎಂದು ನೋಟರಿಯ ಮುಂದೆ ಹೇಳಿದರೆ ಸಾಕು, ಅರ್ಜಿಯಲ್ಲಿ ಎರಡೂ ಹೆಸರು ಬರೆಯಬಹುದು. ನಾನು ಮೇ ತಿಂಗಳಿಗೆ ಮನೆಗೆ ಹೋಗುತ್ತೇನೆ. ಆದರೂ ಈ ವರ್ಷದ ಸ್ವಾಗತಪತ್ರಗಳನ್ನು ನಾನೇ ಬರೆಯುತ್ತೇನೆಂದು ಪ್ರಾಚಾರ್ಯರಿಂದ ಒಪ್ಪಿಗೆ ಕಸಿದುಕೊಂಡಿದ್ದೇನೆ. ಮನಸ್ಸಿದ್ದರೆ ಅರ್ಜಿ ಹಾಕಿ. ಒತ್ತಾಯವಿಲ್ಲ. ಇದೆ, ಒತ್ತಾಯವಿದೆ.

ಸಹಿ ಹಾಕುವ ಮೊದಲು ಓದಿಕೊಳ್ಳಿ.

ಜಯಪಾಲ

*

ಕರಿಮಡ್ಡಿ
2 ಏಪ್ರಿಲ್ 2025

ಸರ್,

ಓದಿದೆ. ನಾಲ್ಕು ಸಲ ಓದಿದೆ. ಎರಡನೇ ಸಾಲಿನಲ್ಲಿ ಅಪ್ಪನ ಹೆಸರಿನ ಜಾಗಕ್ಕೆ ಮಾವನ ಹೆಸರು ಹಾಕಿದ್ದಿರಿ, ತಿದ್ದಿಸಿದ್ದೇನೆ. ಕರಾರು ಕಾನೂನಿನ ಮುದುಕರಿಗೆ ಕನ್ನಡಕ ಬದಲಿಸುವ ಹೊತ್ತು ಬಂದಿದೆ.

ನೋಟರಿಯ ಹತ್ತಿರ ಅತ್ತೆಯೇ ಸಾಕ್ಷಿಯಾಗಿ ಬಂದರು. ಅಲ್ಲಿ ಆ ಹೆಸರನ್ನು ಹೇಳಿಬಿಟ್ಟರು. ಕಣ್ಣು ಮುಚ್ಚಿಕೊಂಡು, ಕಹಿ ಔಷಧ ನುಂಗಿದ ಹಾಗೆ, “ಅಕ್ಕುತಾಯಿ” ಅಂದರು. ಹೇಳಿ, ಹೊರಗೆ ಬಂದು ಸತ್ತ ಅತ್ತೆಗೆ ಕೈ ಮುಗಿದು ಕೆನ್ನೆ ಕೆನ್ನೆ ಬಡಿದುಕೊಂಡರು.

ಈಗ ಎರಡು ಎಮ್ಮೆ ಅವರೇ ಹಿಂಡುತ್ತಾರೆ. ನಾಲ್ಕರಲ್ಲಿ ಎರಡು ಮಾರಿದೆವು. ನಾನು ಕಾಲೇಜಿಗೆ ಹೋಗುವುದು ತಪ್ಪಿದ ಮೇಲೆ ನೆಗೆಣ್ಣಿ ಹೋದ ದೀಪಾವಳಿಗೇ ಹೋದಳು. ಹೇಗೋ ಆಗುತ್ತದೆ ಅನ್ನಿಸುತ್ತಿದೆ ಸರ್. ಅರ್ಜಿ ಬಂದ ದಿನವೇ ಹಾಕುತ್ತೇನೆ.

ಉಜ್ವಲಾ

*

ಚಿಕ್ಕೋಡಿ
16 ಜುಲೈ 2025

ತಂಗಿ,

ಪಟ್ಟಿ ಬಂದಿದೆ. ನಿಮ್ಮದು ಒಂಬತ್ತನೇ ಹೆಸರು! ಇವತ್ತು ಬೆಳಿಗ್ಗೆ ಮೊದಲ ಸ್ವಾಗತಪತ್ರ ನಿಮ್ಮದೇ ಬರೆದು, ಎರಡೂ ಹೆಸರು ದಪ್ಪ ಅಕ್ಷರದಲ್ಲಿ ಹಾಕಿ, ಪೋಸ್ಟ್ ಆಫೀಸಿಗೆ ನಾನೇ ನಡೆದು ಹೋಗಿ ರಿಜಿಸ್ಟರ್ ಮಾಡಿಸಿದ್ದೇನೆ. ಕೊನೆಯ ದಿನ ಆಗಸ್ಟ್ 5. ಈ ಸಲ ಅತ್ತೆಯನ್ನೂ ಸಮಾರಂಭಕ್ಕೆ ಕರೆತನ್ನಿ. ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ, ಶಿರಾ ಎರಡು ಸಲ ಕೊಡಿಸುತ್ತೇನೆ.

ಫೋನ್ ಮಾಡಿದ್ದೆ, ಹತ್ತಲಿಲ್ಲ.

ಹಿಗ್ಗಿರುವ,
ಜಯಪಾಲ

*

ಕರಿಮಡ್ಡಿ
23 ಜುಲೈ 2025

ಗುರುಗಳಿಗೆ ನಮಸ್ಕಾರ.

ಫೋನ್ ನಾನೇ ತೆಗೆಯಲಿಲ್ಲ. ನಿಮ್ಮ ದನಿಯಲ್ಲಿ ಸಂತೋಷ ಇರುತ್ತದೆಂದು ಗೊತ್ತಿತ್ತು, ಅದನ್ನು ಕೇಳುವ ಶಕ್ತಿ ಇರಲಿಲ್ಲ.

ಜೂನ್ ಕೊನೆಯ ವಾರ ನಸುಕಿನಲ್ಲಿ ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದರು. ಹಿಂಡಿದ ಹಾಲಿನ ಕೊಡ ಎತ್ತಿಕೊಂಡು ಏಳುವಾಗ ಸೊಂಟದ ಎಲುಬು ಮುರಿಯಿತು. ಮಿರಜಿಗೆ ಒಯ್ದು ಆಪರೇಶನ್ ಮಾಡಿಸಿದೆವು. ವಯಸ್ಸಾಗಿದೆ, ಎದ್ದು ಓಡಾಡುತ್ತಾರೋ ಇಲ್ಲವೋ ವರ್ಷ ಕಳೆಯದೆ ಹೇಳಲು ಬರುವುದಿಲ್ಲ ಅಂದರು ಡಾಕ್ಟರು. ಬಿದ್ದಾಗ ಅವರು ಮೊದಲು ಕೂಗಿದ್ದು ನೋವಿಗಲ್ಲ ಸರ್. “ಇಕಿ ಕಾಲೇಜ ಹೋತಲ್ಲೋ!” ಎಂದು ಕೂಗಿದರು.

ಇವರು, “ನೀ ಹೋಗ, ನಾ ನೋಡ್ಕೋತೀನಿ” ಎಂದು ಎರಡು ಸಲ ಅಂದಿದ್ದಾರೆ. ಮನಸ್ಸಿನಿಂದಲೇ ಅಂದರು. ಆದರೆ ಮಗನ ಕೈಯಲ್ಲಿ ಮೈ ತೊಳೆಸಿಕೊಳ್ಳಲು, ಬಟ್ಟೆ ಬದಲಿಸಿಕೊಳ್ಳಲು ಅತ್ತೆ ಒಲ್ಲರು. ಆಳು ಹೆಣ್ಣುಮಗಳನ್ನು ಇಟ್ಟೆವು, ಅವಳು ಬಂದರೆ ಗೋಡೆಗೆ ಮುಖ ಮಾಡಿ ಮಲಗುತ್ತಾರೆ, ಊಟ ಮುಟ್ಟುವುದಿಲ್ಲ. ನಾಲ್ಕು ದಿನಕ್ಕೆ ಅವಳೇ ಬಿಟ್ಟು ಹೋದಳು. ನಾನು ಯಾರಿಗೆ ಬೈಯಲಿ? ನನ್ನನ್ನು ಕಳಿಸಬೇಕೆಂದೇ ಅವರು ಆ ಕೊಟ್ಟಿಗೆಗೆ ಹೋದದ್ದು.

ನಿಮ್ಮ ರಿಜಿಸ್ಟರ್ ಪತ್ರ ಸೋಮವಾರ ಬಂತು. ಮಲ್ಲೇಶ ರಸ್ತೆಯಿಂದಲೇ, “ಅಕ್ಕುತಾಯಿ ಉರ್ಫ್ ಉಜ್ವಲಾ ಅಕ್ಕಾರ!” ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿಕೊಂಡು ಬಂದ. ಸಹಿ ಹಾಕಿ ತೆಗೆದುಕೊಂಡೆ. ಹಿತ್ತಲಿಗೆ ಹೋಗಿ ಓದಿದೆ. ‘ನಮ್ಮ ಕುಟುಂಬಕ್ಕೆ ನಿಮಗೆ ಸ್ವಾಗತ’ ಎನ್ನುವ ಸಾಲಿನ ಕೆಳಗೆ ನೀವು ಗೆರೆ ಎಳೆದಿದ್ದಿರಿ. ಅತ್ತುಬಿಟ್ಟೆ ಸರ್, ಮುಚ್ಚಿಟ್ಟು ಏನು ಮಾಡಲಿ.

ಒಳಗಿನಿಂದ ಅತ್ತೆ ಕೇಳಿದರು, “ಮಲ್ಲೇಶನ ದನಿ ಕೇಳಿತಲ್ಲ, ಏನ ತಂದಾನ?”

“ಬ್ಯಾಂಕಿನ ಕಾಗದರಿ ಅತ್ತಿ.”

“ಈ ವರ್ಷನೂ ಕರೀಲಿಲ್ಲೇನ ಅವರು?”

“ಇಲ್ಲರಿ. ಈ ವರ್ಷ ಭಾಳ ಮಂದಿ ಹಾಕ್ಯಾರಂತ, ನನ್ನ ಮಾರ್ಕ್ಸ್ ಸಾಲಲಿಲ್ಲಂತ.”

ಅವರು, “ಹಂಗಾರ ನಾ ಬಿದ್ದದ್ದಕ್ಕ ಹೋಗಿಲ್ಲ, ಅಲ್ಲಾ?” ಅಂದರು. ಅಲ್ಲ ಅಂದೆ. ಅವತ್ತು ಎಷ್ಟೋ ದಿನದ ಮೇಲೆ ಒಂದು ರೊಟ್ಟಿ ಪೂರ್ತಿ ತಿಂದರು. ನೀವು ಎಂದಾದರೂ ಈ ಕಡೆ ಬಂದರೆ ಇದೇ ಮಾತು ಹೇಳಬೇಕು. ಕಾನೂನಿನವರು ಸುಳ್ಳು ಹೇಳಬಾರದು ಎಂದು ನನಗೆ ಗೊತ್ತು, ಆದರೂ ಕೇಳುತ್ತಿದ್ದೇನೆ.

ಇನ್ನೊಂದು ಕೆಲಸ. ಐದನೇ ತಾರೀಖಿನವರೆಗೆ ನನ್ನ ಜಾಗವನ್ನು ಖಾಲಿ ಇಡಬೇಡಿರಿ. ಕಾಯುತ್ತಿರುವವರ ಪಟ್ಟಿಯಲ್ಲಿ ಮುಂದೆ ಯಾರಿದ್ದಾಳೋ ಅವಳಿಗೆ ಇವತ್ತೇ ಫೋನ್ ಮಾಡಿರಿ. ಅವಳಿಗೂ ಮನೆಯಲ್ಲಿ ಕೇಳಿಕೊಳ್ಳಲು ಹತ್ತು ದಿನವಾದರೂ ಬೇಕಾಗುತ್ತದೆ.

ನಿಮ್ಮ,
ಉಜ್ವಲಾ